ಸಂವಿಧಾನಗಳು ನಡೆದು ಬಂದ ದಾರಿ ಮತ್ತು ನಮ್ಮ ಶಾಲೆಗಳು

(ಗಡಿನಾಡ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ಹಾಗೂ ಪೋಷಕರಿಗಾಗಿ ಮಾಡಿದ ಭಾಷಣದ ಬರಹರೂಪ)



ಸಂವಿಧಾನ ಎಂಬ ಪದ ಕೇಳಿದೊಡನೆ ಅದು ವಕೀಲರಿಗೂ ಮಂತ್ರಿಗಳಿಗೂ ಸೇರಿದ ವಿಷಯ, ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸೀತು. ಆದರೆ ಯೋಚಿಸಿ ನೋಡಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಿಮ್ಮ ಊರಿನ ಮೂರನೆಯ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಬರುತ್ತಾರೋ ಇಲ್ಲವೋ? ಗಣಿತದ ಪುಸ್ತಕ ಕನ್ನಡದಲ್ಲಿ ಸಿಗುತ್ತದೋ ಇಲ್ಲವೋ? ಹತ್ತೇ ಮಕ್ಕಳಿದ್ದಾರೆಂದು ಆ ತರಗತಿಯನ್ನು ಮುಚ್ಚಬಹುದೋ ಕೂಡದೋ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದಾಗ ನಮಗೆ ಆಧಾರವಾಗಿ ಸಿಗುವುದು ಸಂವಿಧಾನದ ನಾಲ್ಕಾರು ಸಾಲುಗಳು ಮಾತ್ರ. ಅವು ಎಲ್ಲಿಂದ ಬಂದವು, ಅವುಗಳ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ತಿಳಿಯುವುದೇ ಈ ಮಾತಿನ ಉದ್ದೇಶ.

ಆಳುವವರಿಗೂ ಒಂದು ಕಟ್ಟು

ನಿಮ್ಮೂರಿನ ಹಾಲಿನ ಸೊಸೈಟಿಗೂ ಒಂದು ಬೈಲಾ ಇರುತ್ತದೆ. ಅಧ್ಯಕ್ಷರನ್ನು ಯಾರು ಆರಿಸಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು, ಸದಸ್ಯನನ್ನು ಮನಬಂದಂತೆ ತೆಗೆದುಹಾಕಬಹುದೇ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ದೇಶಕ್ಕೆ ಇರುವ ಇಂಥ ಬೈಲಾವೇ ಸಂವಿಧಾನ. ಉಳಿದ ಕಾನೂನುಗಳು ಪ್ರಜೆಗಳನ್ನು ಕಟ್ಟಿಹಾಕುತ್ತವೆ. ಸಂವಿಧಾನ ಆ ಕಾನೂನು ಮಾಡುವವರನ್ನೇ ಕಟ್ಟಿಹಾಕುತ್ತದೆ.

ಈ ಕಲ್ಪನೆ ಹಳೆಯದು. ಗ್ರೀಸ್ ದೇಶದ ಅರಿಸ್ಟಾಟಲ್ ಮತ್ತು ಅವನ ಶಿಷ್ಯರು 158 ನಗರರಾಜ್ಯಗಳ ಆಡಳಿತ ಕ್ರಮಗಳನ್ನು ಕಲೆಹಾಕಿದ್ದರೆಂದು ಪ್ರತೀತಿ. ಅವುಗಳಲ್ಲಿ ಅಥೆನ್ಸಿನದೊಂದೇ ಬಹುಮಟ್ಟಿಗೆ ಉಳಿದು ಬಂದಿದೆ. ಅದರ ಪಠ್ಯ 1891ರಲ್ಲಿ ಅಚ್ಚಾಯಿತು. ಆದರೆ ಆಳುವವನ ಕೈಯನ್ನು ಬರಹದಿಂದ ಕಟ್ಟಿದ ಉದಾಹರಣೆಗೆ ಎಲ್ಲರೂ ನೆನೆಯುವುದು ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟಾವನ್ನು. 1215ರ ಜೂನ್‌ನಲ್ಲಿ ಜಾನ್ ದೊರೆಯಿಂದ ಅವನ ಸರದಾರರು ಈ ಸನ್ನದನ್ನು ಪಡೆದರು. ಸ್ವತಂತ್ರನಾದ ಯಾವ ಮನುಷ್ಯನನ್ನೂ ನೆಲದ ಕಾನೂನಿಗೆ ವಿರುದ್ಧವಾಗಿ ಸೆರೆಹಿಡಿಯಕೂಡದು ಎಂದು ಅದರಲ್ಲಿತ್ತು. ಜೀತದ ರೈತರು ಆ 'ಸ್ವತಂತ್ರ'ರ ಲೆಕ್ಕಕ್ಕೆ ಸೇರಿರಲಿಲ್ಲ. ಅಷ್ಟೇ ಅಲ್ಲ, ಅದೇ ವರ್ಷದ ಆಗಸ್ಟಿನಲ್ಲಿ ಪೋಪರು ಆ ಸನ್ನದನ್ನೇ ರದ್ದುಮಾಡಿದರು. ಹತ್ತು ವಾರ ಬಾಳಿದ ಕಾಗದ ಅದು. ಆದರೆ ಜನ ಅದನ್ನು ಬಿಡಲಿಲ್ಲ. 1216, 1217, 1225ರಲ್ಲಿ ಮತ್ತೆ ಮತ್ತೆ ಹೊರಡಿಸುವಂತೆ ಮಾಡಿದರು. ಕಾಗದ ಉಳಿದದ್ದು ಕೇಳುವವರು ಉಳಿದದ್ದರಿಂದ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ನಮಗೆ ಬೇಕಾಗುತ್ತದೆ.

ಇಡೀ ರಾಷ್ಟ್ರಕ್ಕೆ ಒಂದೇ ಲಿಖಿತ ಸಂವಿಧಾನ ಎಂಬ ರೂಢಿ ಬಲವಾದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ 39 ಮಂದಿ ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು. 1791ರಲ್ಲಿ ಅದಕ್ಕೆ ಹಕ್ಕುಗಳ ಪಟ್ಟಿ ಸೇರಿತು. ಅದೇ ವರ್ಷ ಪೋಲೆಂಡ್ ಮತ್ತು ಫ್ರಾನ್ಸ್ ದೇಶಗಳೂ ತಮ್ಮ ಸಂವಿಧಾನಗಳನ್ನು ಬರೆದುಕೊಂಡವು. 1889ರಲ್ಲಿ ಜಪಾನ್ ಆ ಸಾಲಿಗೆ ಸೇರಿತು. ಇಂಗ್ಲೆಂಡ್ ಮಾತ್ರ ಇಂದಿಗೂ ಒಂದೇ ಹೊತ್ತಗೆಯಲ್ಲಿ ಬರೆದ ಸಂವಿಧಾನವಿಲ್ಲದೆ, ಕಾಯಿದೆ ಮತ್ತು ಸಂಪ್ರದಾಯಗಳ ಮೇಲೆ ನಡೆಯುತ್ತಿದೆ.

ನೆಬ್ರಾಸ್ಕದ ಒಬ್ಬ ಅಧ್ಯಾಪಕ

ಅಮೆರಿಕದ ಆ ಮೂಲ ಸಂವಿಧಾನದಲ್ಲಿ ಒಂದು ದೊಡ್ಡ ಕಳಂಕವಿತ್ತು. ಪ್ರತಿನಿಧಿಗಳ ಸಂಖ್ಯೆ ನಿರ್ಧರಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಬೇಕೆಂದು ಅದು ಹೇಳಿತ್ತು. ಅಂತರ್ಯುದ್ಧ ನಡೆದು, 1865ರಲ್ಲಿ ಗುಲಾಮಗಿರಿ ರದ್ದಾಗಿ, 1868ರಲ್ಲಿ ಹದಿನಾಲ್ಕನೆಯ ತಿದ್ದುಪಡಿ ಬಂತು. ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಸ್ವತ್ತುಗಳನ್ನೂ ಯಾವ ರಾಜ್ಯವೂ ಕಸಿಯಕೂಡದು ಎಂಬುದು ಅದರ ಒಂದು ಸಾಲು. ಅದನ್ನು ಬರೆದದ್ದು ಮುಖ್ಯವಾಗಿ ಬಿಡುಗಡೆಯಾದ ಕರಿಯ ಜನರ ರಕ್ಷಣೆಗೆ.

ಈಗ 1919ಕ್ಕೆ ಬನ್ನಿ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಜರ್ಮನ್ ಭಾಷೆಯೆಂದರೆ ಅಮೆರಿಕದಲ್ಲಿ ಶತ್ರುವಿನ ಭಾಷೆಯೆಂಬ ಭಾವನೆ. ನೆಬ್ರಾಸ್ಕ ರಾಜ್ಯ ಒಂದು ಕಾನೂನು ಮಾಡಿತು: ಎಂಟನೆಯ ತರಗತಿ ಮುಗಿಸುವ ತನಕ ಯಾವ ಮಗುವಿಗೂ ಇಂಗ್ಲಿಷ್ ಅಲ್ಲದ ಭಾಷೆಯನ್ನು ಶಾಲೆಯಲ್ಲಿ ಕಲಿಸಕೂಡದು. ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಜರ್ಮನ್ ರೈತರ ಮಕ್ಕಳಿಗಾಗಿ ಒಂದು ಇಗರ್ಜಿಯ ಶಾಲೆಯಿತ್ತು. ರಾಬರ್ಟ್ ಮೇಯರ್ ಎಂಬ ಅಧ್ಯಾಪಕರು 1920ರ ಮೇ ತಿಂಗಳಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿಗೆ ಜರ್ಮನ್ ಭಾಷೆಯಲ್ಲಿ ಬೈಬಲಿನ ಕಥೆ ಓದಿಸುತ್ತಿದ್ದರು. ಅಷ್ಟಕ್ಕೆ ಅವರ ಮೇಲೆ ಮೊಕದ್ದಮೆ ಹೂಡಿ 25 ಡಾಲರ್ ದಂಡ ಹಾಕಿದರು. ದಂಡ ಕಟ್ಟಿ ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಯರ್ ಕಟ್ಟಲಿಲ್ಲ. ರಾಜ್ಯದ ನ್ಯಾಯಾಲಯದಲ್ಲಿ ಸೋತರು. ಮೇಲಿನ ನ್ಯಾಯಾಲಯಕ್ಕೆ ಹೋದರು. 1923ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಅಧ್ಯಾಪಕನಿಗೆ ಕಲಿಸುವ ಹಕ್ಕಿದೆ, ಹೆತ್ತವರಿಗೆ ಅವನಿಂದ ಕಲಿಸಿಕೊಳ್ಳುವ ಹಕ್ಕಿದೆ, ಸಂವಿಧಾನ ಹೇಳುವ 'ಸ್ವಾತಂತ್ರ್ಯ'ದಲ್ಲಿ ಇವೂ ಸೇರಿವೆ ಎಂದಿತು. ಬೇರೆ ಭಾಷೆಯಾಡುವವರಿಗೂ ಸಂವಿಧಾನದ ರಕ್ಷಣೆ ಅಷ್ಟೇ ಇದೆಯೆಂದೂ ಹೇಳಿತು.

ಬಿಡುಗಡೆಯಾದ ಗುಲಾಮರಿಗೆಂದು 1868ರಲ್ಲಿ ಬರೆದ ಸಾಲು 55 ವರ್ಷಗಳ ಬಳಿಕ ಜರ್ಮನ್ ಕಲಿಸಿದ ಅಧ್ಯಾಪಕನನ್ನು ಕಾಯಿತು. ಆದರೆ ಅದೇ ತಿದ್ದುಪಡಿಯ ಸಮಾನತೆಯ ಸಾಲು ಕರಿಯ ಮಕ್ಕಳಿಗೆ ಬಿಳಿಯರ ಶಾಲೆಯ ಬಾಗಿಲು ತೆರೆಯಲು 1954ರವರೆಗೆ ಕಾಯಬೇಕಾಯಿತು. ಒಳ್ಳೆಯ ಸಾಲು ಪುಸ್ತಕದಲ್ಲಿ ಸೇರಿದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ.

ಕಾಗದ ಸೋತ ಕಥೆ, ಗೆದ್ದ ಕಥೆ

ಇದಕ್ಕೆ ಜರ್ಮನಿಯೇ ಕಹಿಯಾದ ಸಾಕ್ಷಿ. 1919ರ ವೈಮಾರ್ ಸಂವಿಧಾನ ಆ ಕಾಲಕ್ಕೆ ಬಹಳ ಉದಾರವಾದದ್ದು. ಅದರ 113ನೆಯ ವಿಧಿ, ದೇಶದೊಳಗಿನ ಅನ್ಯಭಾಷಿಕ ಜನರು ಶಿಕ್ಷಣದಲ್ಲಿ, ಆಡಳಿತದಲ್ಲಿ ತಮ್ಮ ಮಾತೃಭಾಷೆ ಬಳಸುವುದಕ್ಕೆ ಅಡ್ಡಿಮಾಡಕೂಡದು ಎಂದಿತ್ತು. ನಮ್ಮ ಸಂವಿಧಾನಕ್ಕಿಂತ ಮೂವತ್ತು ವರ್ಷ ಮುಂಚಿನ ಮಾತಿದು. ಆದರೆ ಅದೇ ಸಂವಿಧಾನದ 48ನೆಯ ವಿಧಿ ಅಧ್ಯಕ್ಷರಿಗೆ ತುರ್ತು ಅಧಿಕಾರ ಕೊಟ್ಟಿತ್ತು. 1933ರ ಫೆಬ್ರವರಿಯಲ್ಲಿ ಆ ಅಧಿಕಾರದಿಂದ ಹಕ್ಕುಗಳನ್ನು ಅಮಾನತಿನಲ್ಲಿಟ್ಟರು. ಮಾರ್ಚ್‌ನಲ್ಲಿ ಸಂಸತ್ತು ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರಕಾರಕ್ಕೆ ಒಪ್ಪಿಸಿತು. ವೈಮಾರ್ ಸಂವಿಧಾನವನ್ನು ನಾತ್ಸಿಗಳು ವಿಧಿವತ್ತಾಗಿ ರದ್ದುಮಾಡಲೇ ಇಲ್ಲ. ಅದರ ಅಗತ್ಯವೇ ಅವರಿಗೆ ಬೀಳಲಿಲ್ಲ. ಸೋವಿಯತ್ ಒಕ್ಕೂಟದ 1936ರ ಸಂವಿಧಾನವೂ ವಾಕ್ ಸ್ವಾತಂತ್ರ್ಯ ಕೊಟ್ಟಿತ್ತು. ಮರುವರ್ಷವೇ ಅಲ್ಲಿ ಸಾಮೂಹಿಕ ಬಂಧನಗಳು ನಡೆದವು.

ಇನ್ನೊಂದು ಬಗೆಯ ಕಥೆಯೂ ಇದೆ. ಸ್ವಿಟ್ಜರ್ಲೆಂಡಿನ 1848ರ ಸಂವಿಧಾನ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರನ್ನೂ ರಾಷ್ಟ್ರಭಾಷೆಗಳೆಂದು ಒಪ್ಪಿತ್ತು. ಬೆಟ್ಟದ ಕಣಿವೆಗಳಲ್ಲಿ ರೊಮಾನ್ಷ್ ಎಂಬ ಭಾಷೆಯಾಡುವ ಸಣ್ಣದೊಂದು ಸಮುದಾಯವಿದೆ; ದೇಶದ ಜನಸಂಖ್ಯೆಯಲ್ಲಿ ನೂರಕ್ಕೊಬ್ಬರಿಗಿಂತಲೂ ಕಡಿಮೆ. 1938ರಲ್ಲಿ ಅದನ್ನು ನಾಲ್ಕನೆಯ ರಾಷ್ಟ್ರಭಾಷೆ ಮಾಡಬೇಕೇ ಎಂದು ಜನಮತ ಕೇಳಿದಾಗ ನೂರಕ್ಕೆ 90ಕ್ಕಿಂತ ಹೆಚ್ಚು ಮತಗಳು 'ಹೌದು' ಎಂದವು. ಆ ಭಾಷೆ ಬಾರದ ಲಕ್ಷಾಂತರ ಮಂದಿ ಅದಕ್ಕೆ ಮತ ಕೊಟ್ಟರು. ದಕ್ಷಿಣ ಆಫ್ರಿಕದಲ್ಲಿ 1976ರಲ್ಲಿ ಆಫ್ರಿಕಾನ್ಸ್ ಮಾಧ್ಯಮದ ಹೇರಿಕೆಯನ್ನು ವಿರೋಧಿಸಿ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದು ಗುಂಡಿಗೆ ಬಲಿಯಾದರು. ಇಪ್ಪತ್ತು ವರ್ಷಗಳ ಬಳಿಕ, 1996ರಲ್ಲಿ, ಆ ದೇಶದ ಹೊಸ ಸಂವಿಧಾನ 11 ಭಾಷೆಗಳಿಗೆ ಅಧಿಕೃತ ಸ್ಥಾನ ನೀಡಿತು. ಅವುಗಳಲ್ಲಿ ಆಫ್ರಿಕಾನ್ಸ್ ಕೂಡ ಒಂದು. ಹೇರಿದವರ ಭಾಷೆಯನ್ನೂ ಹೊರಗಟ್ಟಲಿಲ್ಲ. 2023ರಲ್ಲಿ ಕಿವುಡರ ಸಂಜ್ಞಾಭಾಷೆ ಹನ್ನೆರಡನೆಯದಾಗಿ ಸೇರಿತು.

ನಮ್ಮ ನೆಲದಲ್ಲಿ

ನಮ್ಮಲ್ಲಿಯೂ ಈ ವಿಚಾರ 1950ರಲ್ಲಿ ಏಕಾಏಕಿ ಹುಟ್ಟಿದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಆರಂಭವಾಗಿತ್ತು. ಔಂಧ ಎಂಬ ಚಿಕ್ಕ ಸಂಸ್ಥಾನ 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ಒಂದು ಸಂವಿಧಾನ ಮಾಡಿಕೊಂಡು ಆಡಳಿತವನ್ನು ಗ್ರಾಮ ಪಂಚಾಯತಿಗಳಿಗೆ ವಹಿಸಿತು. ಆ ಸಂಸ್ಥಾನಕ್ಕೆ ಸೇರಿದ್ದ ಆಟಪಾಡಿ ಇಂದಿನ ಜತ್ತ ತಾಲೂಕಿನ ನೆರೆಯಲ್ಲೇ ಇದೆ.

ಭಾರತದ ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಮೊದಲ ಬಾರಿ ಸೇರಿತು. ಅದರ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡ್ ದೇಶಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರೊಂದಿಗೆ ಚರ್ಚಿಸಿ ಬಂದರು. ಬರ್ಮಾ ದೇಶದ ಸಂವಿಧಾನ ರಚನೆಗೂ ನೆರವಾದರು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯಲ್ಲಿ ಮೈಸೂರಿನ ಹಿಂದಿನ ದಿವಾನ ಎನ್. ಮಾಧವ ರಾವ್ ಕೂಡ ಸದಸ್ಯರಾಗಿದ್ದರು. 1949ರ ನವೆಂಬರ್ 26ರಂದು ಅಂಗೀಕಾರವಾದಾಗ ಅದರಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು. ಎಂಟನೆಯ ಅನುಸೂಚಿಯ 14 ಭಾಷೆಗಳಲ್ಲಿ ಕನ್ನಡ ಮೊದಲಿನಿಂದಲೂ ಇತ್ತು. ಇಂದು ಆ ಪಟ್ಟಿಯಲ್ಲಿ 22 ಭಾಷೆಗಳಿವೆ.

ನಮಗೆ ತೀರ ಹತ್ತಿರದ ಚರ್ಚೆ ನಡೆದದ್ದು 1948ರ ಡಿಸೆಂಬರಿನಲ್ಲಿ. ಕರಡಿನಲ್ಲಿ 'ಅಲ್ಪಸಂಖ್ಯಾತರು' ಎಂದಿದ್ದಲ್ಲಿ 'ಪೌರರ ಯಾವುದೇ ವಿಭಾಗ' ಎಂದು ಬದಲಾಯಿಸಿದ್ದು ಏಕೆಂದು ಡಾ. ಅಂಬೇಡ್ಕರ್ ವಿವರಿಸಿದರು. ಮದ್ರಾಸಿನವರು ಮುಂಬಯಿಯಲ್ಲಿ ನೆಲೆಸಿದರೆ, ಮಹಾರಾಷ್ಟ್ರದವರು ಬಂಗಾಳದಲ್ಲಿ ನೆಲೆಸಿದರೆ, ಅವರು ರೂಢಿಯ ಅರ್ಥದಲ್ಲಿ ಅಲ್ಪಸಂಖ್ಯಾತರಲ್ಲದಿದ್ದರೂ ಭಾಷೆ ಸಂಸ್ಕೃತಿಗಳಲ್ಲಿ ಅಲ್ಪಸಂಖ್ಯಾತರೇ. ಅವರಿಗೂ ರಕ್ಷಣೆ ಬೇಕು ಎಂಬುದು ಅವರ ಮಾತಿನ ಸಾರ. ಹೀಗೆ ಬಂದದ್ದು 29ನೆಯ ವಿಧಿ: ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಪೌರರ ಯಾವುದೇ ವಿಭಾಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. 30ನೆಯ ವಿಧಿ: ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮಗೆ ಬೇಕಾದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕಿದೆ.

ಆದರೆ ನಮ್ಮಲ್ಲಿ ಬಹುಮಂದಿ ಎಲ್ಲಿಂದಲೋ ಹೋಗಿ ನೆಲೆಸಿದವರಲ್ಲ. ಜನ ಇದ್ದಲ್ಲೇ ಇದ್ದರು, ಗೆರೆ ಸರಿಯಿತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಚೆ ಹೋದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ತಾಳವಾಡಿ, ಹೊಸೂರು ಮದ್ರಾಸಿನಲ್ಲೂ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲೂ ಉಳಿದವು. ಎಲ್ಲಿ ಗೆರೆ ಎಳೆದರೂ ಎರಡೂ ಕಡೆ ಒಂದಷ್ಟು ಜನ ಉಳಿಯುತ್ತಾರೆಂಬುದನ್ನು ರಾಜ್ಯ ಪುನರ್ವಿಂಗಡಣಾ ಆಯೋಗ ಕಂಡಿತ್ತು. ಅದರ 1955ರ ವರದಿಯ ಫಲವಾಗಿ ಏಳನೆಯ ತಿದ್ದುಪಡಿಯಲ್ಲಿ ಎರಡು ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎನ್ನುತ್ತದೆ 350ಎ. ಇದನ್ನೆಲ್ಲ ವಿಚಾರಿಸಿ ರಾಷ್ಟ್ರಪತಿಗೆ ವರದಿ ಮಾಡುವ ವಿಶೇಷಾಧಿಕಾರಿ ಇರಬೇಕು ಎನ್ನುತ್ತದೆ 350ಬಿ. ಆ ವರದಿ ಸಂಸತ್ತಿನ ಮುಂದೆ ಬರಬೇಕು, ರಾಜ್ಯ ಸರಕಾರಗಳಿಗೂ ಹೋಗಬೇಕು.

ನ್ಯಾಯಾಲಯಗಳು ಹೇಳಿದ್ದು

ಇಲ್ಲಿ ಒಂದು ವ್ಯತ್ಯಾಸವನ್ನು ನೀವು ಸ್ಪಷ್ಟವಾಗಿ ತಿಳಿದಿರಬೇಕು. 29 ಮತ್ತು 30 ಮೂಲಭೂತ ಹಕ್ಕುಗಳು. ಅವಕ್ಕೆ ಭಂಗ ಬಂದರೆ 32ನೆಯ ವಿಧಿಯಂತೆ ನೇರವಾಗಿ ಸುಪ್ರೀಂ ಕೋರ್ಟಿಗೂ, 226ರಂತೆ ಹೈಕೋರ್ಟಿಗೂ ಹೋಗಬಹುದು. 350ಎ ಹೇಳುವುದು 'ಪ್ರಯತ್ನಿಸತಕ್ಕದ್ದು' ಎಂದು. ಅದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಲ್ಲ. ಸಮುದಾಯವೇ ಕಟ್ಟಿದ ಖಾಸಗಿ ಅಥವಾ ಅನುದಾನಿತ ಶಾಲೆಗೆ 30ರ ಬಲವಿದೆ. ಸರಕಾರಿ ಕನ್ನಡ ಶಾಲೆಗೆ ಮುಖ್ಯ ಆಸರೆ 350ಎ ಮತ್ತು ಅದರ ಸುತ್ತ ಸರಕಾರಗಳೇ ಒಪ್ಪಿಕೊಂಡ ಸೂತ್ರಗಳು.

1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಸಂಸ್ಥೆಗಳ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಶಾಲೆ ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂದೂ ಎಚ್ಚರಿಸಿತು. 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜಿನ ಮೊಕದ್ದಮೆಯಲ್ಲಿ, ಎಲ್ಲ ಕಾಲೇಜುಗಳಿಗೂ ಪಂಜಾಬಿಯೊಂದೇ ಮಾಧ್ಯಮವೆಂಬ ವಿಶ್ವವಿದ್ಯಾಲಯದ ಆಜ್ಞೆಯನ್ನು ತಳ್ಳಿಹಾಕಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 11 ನ್ಯಾಯಾಧೀಶರ ಪೀಠ, ಯಾರು ಅಲ್ಪಸಂಖ್ಯಾತರೆಂಬುದನ್ನು ರಾಜ್ಯವನ್ನೇ ಘಟಕವಾಗಿಟ್ಟು ನಿರ್ಧರಿಸಬೇಕೆಂದಿತು. 2004ರಲ್ಲಿ, ಮಹಾರಾಷ್ಟ್ರ ಮರಾಠಿಯನ್ನು ಒಂದು ಕಡ್ಡಾಯ ವಿಷಯವಾಗಿ ಕಲಿಸಲು ಹೇಳಿದ್ದು ತಪ್ಪಲ್ಲ ಎಂದಿತು.

ಈ ಎರಡನ್ನೂ ಜೋಡಿಸಿ ನೋಡಿ. ರಾಜ್ಯಭಾಷೆಯನ್ನು ಒಂದು ವಿಷಯವಾಗಿ ಕಲಿಯಿರಿ ಎಂದು ಸರಕಾರ ಹೇಳಬಹುದು. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ ಇಂಥ ಕಾನೂನು ಮಾಡಿದವು. ನಮ್ಮ ಮಕ್ಕಳು ಮಲಯಾಳ, ತಮಿಳು, ಮರಾಠಿ, ತೆಲುಗು ಚೆನ್ನಾಗಿ ಕಲಿಯಲಿ. ನೆರೆಯವರ ಭಾಷೆ ಬಂದರೆ ನಷ್ಟವೇನಿಲ್ಲ, ನೌಕರಿಗೂ ಬೇಕು. ಆದರೆ ಆ ಹೆಸರಿನಲ್ಲಿ ನಮ್ಮ ಸಂಸ್ಥೆಗಳ ಮಾಧ್ಯಮವನ್ನೇ ಅಳಿಸಿಹಾಕಲು ಬರುವುದಿಲ್ಲ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದರೆ ಕಡತದಲ್ಲಿ ಹುದ್ದೆ ತುಂಬಿದಂತೆ ಕಾಣುತ್ತದೆ, ತರಗತಿಯಲ್ಲಿ ಮಾತ್ರ ಪಾಠ ನಡೆಯುವುದಿಲ್ಲ. 'ಸಾಕಷ್ಟು ಸೌಲಭ್ಯ' ಎಂಬ ಸಂವಿಧಾನದ ಮಾತಿಗೆ ಇದು ಒಪ್ಪುತ್ತದೆಯೇ ಎಂದು ಕೇಳುವ ಅಧಿಕಾರ ನಿಮಗಿದೆ.

2014ರ ತೀರ್ಪನ್ನು ಮರೆಮಾಚದೆ ಹೇಳಬೇಕು. ಮೊದಲ ನಾಲ್ಕು ತರಗತಿಗಳಿಗೆ ಮಾತೃಭಾಷೆ ಅಥವಾ ರಾಜ್ಯಭಾಷೆಯ ಮಾಧ್ಯಮವೇ ಇರಬೇಕೆಂಬ ಕರ್ನಾಟಕ ಸರಕಾರದ ಆಜ್ಞೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಮಾಧ್ಯಮದ ಆಯ್ಕೆ ಹೆತ್ತವರದು ಎಂದಿತು ನ್ಯಾಯಾಲಯ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರೂ ಹೆತ್ತವರೇ ಎಂದಿತು. ಮನೆಯಲ್ಲಿ ತುಳು, ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳ ತಂದೆತಾಯಿಗಳಿಗೆ ಈ ಮಾತು ಆಸರೆ. ಆದರೆ ಅದೇ ಮಾತು ನಮಗೊಂದು ಪ್ರಶ್ನೆಯೂ ಹೌದು. ಆಯ್ಕೆ ನಿಮ್ಮದೆಂದ ಮೇಲೆ, ನೀವು ಆಯ್ದುಕೊಳ್ಳದ ಶಾಲೆಯನ್ನು ಯಾವ ಸಂವಿಧಾನವೂ ಉಳಿಸಲಾರದು.

ನಾವು ಮಾಡಬೇಕಾದದ್ದು

ಕೆಲವು ಕೆಲಸಗಳು ನಮ್ಮ ಕೈಯಲ್ಲೇ ಇವೆ. ಮೊದಲನೆಯದು ಎಣಿಕೆ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿತು: ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಒಂದು ಭಾಷೆಯವರಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕು. ಪ್ರೌಢಶಾಲೆಗೆ 1961ರ ಮುಖ್ಯಮಂತ್ರಿಗಳ ಸಮ್ಮೇಳನ ಕೊನೆಯ ನಾಲ್ಕು ತರಗತಿಗಳಲ್ಲಿ 60, ತರಗತಿಗೆ 15 ಎಂದಿತು. ಆದ್ದರಿಂದ ಒಂಬತ್ತು ಮತ್ತು ಹತ್ತರ ನಡುವೆ ಇರುವ ಆ ಒಂದು ಮಗು ಬಹಳ ದೊಡ್ಡದು. ಸೇರ್ಪಡೆಯ ಸಮಯದಲ್ಲೇ ಮಾತೃಭಾಷೆಯನ್ನೂ ಬೇಕಾದ ಮಾಧ್ಯಮವನ್ನೂ ದಾಖಲೆಯಲ್ಲಿ ಬರೆಸಿ. ಜನಗಣತಿಯವರು ಬಂದಾಗ ಭಾಷೆಯ ಕಾಲಂ ಖಾಲಿ ಬಿಡದಂತೆ ಮನೆಯವರಿಗೆ ಹೇಳಿ.

ಎರಡನೆಯದು ಅರ್ಜಿ. ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದ ಯಾವುದೇ ಅಧಿಕಾರಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಲು 350ನೆಯ ವಿಧಿ ಪ್ರತಿಯೊಬ್ಬರಿಗೂ ಹಕ್ಕು ಕೊಡುತ್ತದೆ. ಕನ್ನಡದ ಅರ್ಜಿ ತಗೊಳ್ಳುವುದಿಲ್ಲ ಎಂದವರಿಗೆ ಈ ವಿಧಿಯ ಸಂಖ್ಯೆಯನ್ನು ಸೌಜನ್ಯದಿಂದ ಹೇಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಪ್ರತಿ ಇಟ್ಟುಕೊಳ್ಳಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಒಂದು ಕಳುಹಿಸಿ. ನೀವು ಬರೆಯದ ಕೊರತೆ ಸಂಸತ್ತಿಗೆ ಹೋಗುವ ವರದಿಯಲ್ಲಿ ಹೇಗೆ ಬಂದೀತು?

ಮೂರನೆಯದು ಓದು. ಸಂವಿಧಾನದ ಕನ್ನಡ ಅನುವಾದವಿದೆ. ಪ್ರತಿ ಶಾಲೆಯ ಕಪಾಟಿನಲ್ಲಿ ಒಂದು ಪ್ರತಿ ಇರಲಿ. ಜನವರಿ 26ರಂದು ಧ್ವಜವಂದನೆ ಮುಗಿಸಿ ಸಿಹಿ ಹಂಚುವ ಮೊದಲು 29, 30, 350, 350ಎ ಈ ನಾಲ್ಕನ್ನು ಏಳನೆಯ ತರಗತಿಯ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಕೇಳುವ ಹಿರಿಯರಿಗೂ ತಿಳಿದಂತಾಗುತ್ತದೆ.

ನಾಲ್ಕನೆಯದು ನೆರೆಹೊರೆ. ರೊಮಾನ್ಷ್ ಭಾಷೆಗೆ ಮತ ಕೊಟ್ಟವರು ಅದನ್ನು ಬಲ್ಲವರಲ್ಲ ಎಂಬುದನ್ನು ಮರೆಯಬೇಡಿ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಊರಿನ ಅನ್ಯಭಾಷಿಕ ಬಂಧುಗಳನ್ನೂ ಕರೆಯೋಣ. ಕರ್ನಾಟಕದೊಳಗೆ ಮರಾಠಿ, ಉರ್ದು, ತೆಲುಗು, ತಮಿಳು ಶಾಲೆಗಳ ಮಕ್ಕಳಿಗೂ ಇದೇ ವಿಧಿಗಳೇ ಆಸರೆ ಎಂಬುದನ್ನು ನಾವೂ ಒಪ್ಪಿ, ಬಹಿರಂಗವಾಗಿ ಹೇಳೋಣ. ತನಗೆ ಬೇಕೆಂದದ್ದನ್ನು ಇನ್ನೊಬ್ಬನಿಗೂ ಕೊಡಲು ಸಿದ್ಧನಿರುವವನ ಅರ್ಜಿಗೆ ತೂಕ ಹೆಚ್ಚು.

ಬಂಧುಗಳೇ, ಶಾಲೆಗಳ ಸೇರ್ಪಡೆ ಆರಂಭವಾಗಲು ಇನ್ನು ಬಹಳ ದಿನಗಳಿಲ್ಲ. ನಿಮ್ಮ ಊರಿನಲ್ಲಿ ಐದು ತುಂಬಿದ ಮಕ್ಕಳು ಎಷ್ಟು ಮಂದಿ ಇದ್ದಾರೆಂದು ಈ ವಾರವೇ ಮನೆಮನೆಗೆ ಹೋಗಿ ಪಟ್ಟಿ ಮಾಡಿ. ಆ ಪಟ್ಟಿಯಿಂದಲೇ ಮುಂದಿನ ಅರ್ಜಿ ಹುಟ್ಟಬೇಕು.